ಐದು ವರ್ಷ ಇಟ್ಟ ಚಹಾ

ಬುಟ್ಟಿ ಖಾಲಿ! ಮುತ್ತುರಾಜ ಅದನ್ನು ಬೋರಲು ಹಾಕಿದ, ತಟ್ಟಿದ, ಒಳಗೆಲ್ಲ ಕೈಯಾಡಿಸಿದ. ಚಹಾದ ಒಂದು ಎಲೆಯ ಚೂರೂ ಸಿಗಲಿಲ್ಲ. ಐದು ವರ್ಷ ಈ ಬಿದಿರ ಬುಟ್ಟಿಯನ್ನು ಅಟ್ಟದ ಮೇಲಿಟ್ಟು ಕಾಯ್ದದ್ದೇ ಕಾಯ್ದದ್ದು. ಇಲಿಗೆ ಬೋನು ಇಟ್ಟದ್ದೇನು, ಮಕ್ಕಳನ್ನು ಗದರಿದ್ದೇನು! ಗಾಳಿ ತಾಗೀತೆಂದು ತಾನೇ ಒಮ್ಮೆಯೂ ಮುಚ್ಚಳ ತೆಗೆದಿರಲಿಲ್ಲ, ಪುಣ್ಯಾತ್ಮ.

ಆ ಚಹಾ ಕೊಟ್ಟವನು ಚೆನ್ ಸಾಹೇಬ. ಇಳಕಲ್ಲಿನ ಕೆಂಪು ಗ್ರಾನೈಟ್ ಕೊಳ್ಳಲು ಚೀನಾದಿಂದ ಬಂದಿದ್ದ. ಮುತ್ತುರಾಜ ಅವನಿಗೆ ಕಲ್ಲು ಆರಿಸಿಕೊಟ್ಟ ಮೇಸ್ತ್ರಿ. ಲಾಡ್ಜಿನ ಕೋಣೆಯಲ್ಲಿ ಕೂರಿಸಿ, ಹಾಲಿಲ್ಲ ಸಕ್ಕರೆಯಿಲ್ಲ, ಪಣತಿಯಷ್ಟು ಬಟ್ಟಲಲ್ಲಿ, ಹಾಕಿದ ಎಲೆಯನ್ನೇ ಏಳು ಸಲ ಸೋಸಿ ಕುಡಿಸಿದ್ದ. ಮೊದಲ ಗುಟುಕಿಗೆ ಮಳೆ ಬಿದ್ದ ಎರೆಹೊಲದ ವಾಸನೆ. ನಾಲ್ಕನೆಯದಕ್ಕೆ ಗಂಟಲಲ್ಲಿ ತಾನೇ ತಾನಾಗಿ ಸಿಹಿ. ಮುತ್ತುರಾಜ ಖಾಲಿ ಬಟ್ಟಲನ್ನು ಮತ್ತೆ ಮತ್ತೆ ಮುಂದೆ ಚಾಚಿದ್ದ. ಹೋಗುವಾಗ ಚೆನ್ ಅದೇ ಚಹಾದ ಎಲೆಯನ್ನು ರೊಟ್ಟಿಯಂತೆ ಒತ್ತಿ ಮಾಡಿದ ಒಂದು ಬಿಲ್ಲೆ ಕೊಟ್ಟು, ಇದು ಸಾವಿರ ವರ್ಷದ ಮರದ ಎಲೆ, ಇನ್ನೂ ಐದು ವರ್ಷ ಇಡು, ಬೇರೆ ವಾಸನೆ ತಾಗಿಸಬೇಡ, ರುಚಿ ಏರುತ್ತದೆ ಎಂದು ಮೊಬೈಲಿನಲ್ಲಿ ಕನ್ನಡ ಮಾಡಿ ತೋರಿಸಿದ್ದ.

ಊರಲ್ಲಿ ಹೇಳಿದರೆ ಎಲ್ಲರೂ ನಕ್ಕವರೇ. "ಹಳೀ ಚಾಪುಡಿ ನಮ್ಮ ಅಂಗಡ್ಯಾಗೂ ಬೇಕಾದಷ್ಟು ಐತಿ, ಒಯ್ಯಲೇ" ಎಂದು ಕಿರಾಣಿ ಅಕೀಲ ಕಾಡಿದ್ದ. ಒಬ್ಬರಾದರೂ ಕುಡಿದು, ಹೌದಪ್ಪಾ, ನೀ ಹೇಳಿದ್ದು ಖರೆ ಅನ್ನಬೇಕು. ಮುತ್ತುರಾಜನಿಗೆ ಅದೊಂದೇ ಆಸೆ. ಆ ಒಬ್ಬರು ಅವ್ವನೇ ಎಂದು ನಿಶ್ಚಯಿಸಿದ್ದ. ಮಾಯವ್ವನ ನಾಲಿಗೆ ಸಾಮಾನ್ಯದ್ದಲ್ಲ. ಮಜ್ಜಿಗೆ ಕುಡಿದು ಯಾವ ಎಮ್ಮೆಯದು ಅನ್ನುವವಳು ಅವಳು.

"ಯವ್ವಾ! ನನ್ನ ಚಾ ಯಾರು ತಗದ್ರು?"

"ನಾನ. ಯಾಕ ಹಂಗ ಒದರ್ತಿ?" ಮಾಯವ್ವ ಅಂಗಳದಿಂದಲೇ ಕೂಗಿದಳು. "ದೇವರ ಜಗಲಿ ಮ್ಯಾಲ ಐತಿ ನೋಡು."

ಮನೆದೇವರು ಬೀರಪ್ಪನ ಜಗಲಿಯ ಮೇಲೆ ಕೆಂಪು ವಸ್ತ್ರದ ಗಂಟೊಂದಿತ್ತು. ದಿನಾ ಕೆಲಸಕ್ಕೆ ಹೋಗುವಾಗ ಅದಕ್ಕೂ ಸೇರಿಸಿ ಕೈ ಮುಗಿಯುತ್ತಿದ್ದನಲ್ಲ! ಬಿಚ್ಚಿದ. ಬಿಲ್ಲೆಗೆ ಸುತ್ತಿದ್ದ ಕಾಗದ ಇರಲಿಲ್ಲ. ಮೈತುಂಬ ಭಂಡಾರದ ಅರಿಸಿನ ಮೆತ್ತಿತ್ತು. ಮೂಗಿಗೆ ಹಿಡಿದರೆ ಲೋಬಾನ, ಕರ್ಪೂರ, ಊದಿನಕಡ್ಡಿ.

"ಏನ್ ಮಾಡಿದ್ಯಬೇ! ವಾಸನಿ ತಾಗಬಾರದು ಅಂತ ಬಡಕೊಂಡಿದ್ನಲ್ಲ!"

"ಅದಕ್ಕ ಇಲ್ಲಿ ಇಟ್ಟೇನಿ. ಅಟ್ಟಕ್ಕ ಒಗ್ಗರಣಿ ಹೊಗಿ ಏರೂದಿಲ್ಲೇನು? ಸಾವಿರ ವರ್ಷದ ಮರ ಅಂದಿ. ನಮ್ಮ ಬನ್ನಿಗಿಡ ನೂರು ವರ್ಷದ್ದು, ಅದಕ್ಕ ಸುತ್ತು ಹಾಕ್ತೇವಿ. ಇದನ್ನ ಕಾಗದದಾಗ ಸುತ್ತಿ ಇಲಿ ಓಡಾಡೂ ಕಡೆ ಇಡ್ಲೇನು? ಐದು ವರ್ಷದಾಗ ಒಂದು ಐತವಾರ ತಪ್ಪಿಸಿಲ್ಲ, ಭಂಡಾರ ಹಾಕೇನಿ."

ಸಿಟ್ಟು ನೆತ್ತಿಗೇರಿತು. ಬೈಯಬೇಕು, ಯಾವ ಬಾಯಿಂದ ಬೈಯುವುದು? ಹಲ್ಲು ಕಡಿಯುತ್ತ ಬಿಲ್ಲೆಯನ್ನು ಒರೆಸಿದ, ಮೂಲೆ ಮುರಿದ, ಕುದಿನೀರಲ್ಲಿ ಮೂರು ಸಲ ತೊಳೆದ. ಭಂಡಾರ ಜಪ್ಪಯ್ಯ ಅಂದರೂ ಬಿಡಲಿಲ್ಲ. ನಾಲ್ಕನೆಯ ನೀರನ್ನು ಬಟ್ಟಲಿಗೆ ಸೋಸಿ ಕುಡಿದರೆ ಗುಡಿಯೊಳಗೆ ಬಾಯಿ ತೆರೆದು ನಿಂತ ಹಾಗಾಯಿತು. ಆದರೂ ಕೊನೆಗೆ, ಗಂಟಲ ಬುಡದಲ್ಲಿ, ಆ ಸಿಹಿ ಇಣುಕಿತೋ ಇಲ್ಲವೋ? ಅವನಿಗೆ ಖಾತ್ರಿಯಾಗಲಿಲ್ಲ. ಅಯ್ಯೋ, ಇದ್ದರೆ ಅವ್ವನ ನಾಲಿಗೆ ಹಿಡಿದೇ ಹಿಡಿಯುತ್ತದೆ ಎಂದುಕೊಂಡು ಇನ್ನೊಂದು ಬಟ್ಟಲು ಸೋಸಿ ಆರಿಸಿ ತಂದ.

"ಯವ್ವಾ, ಕುಡಿ. ಸಾವಕಾಶ ಕುಡಿ."

ಮಾಯವ್ವ ತಲೆ ಮೇಲೆ ಸೆರಗು ಎಳೆದುಕೊಂಡು ಬಲ ಅಂಗೈ ಚಾಚಿದಳು. ಬಟ್ಟಲು ಮುಟ್ಟಲೇ ಇಲ್ಲ. ಒಂದು ಚಮಚೆಯಷ್ಟು ಹಾಕಿಸಿಕೊಂಡು ಸೊರ್ರೆಂದು ಹೀರಿ, ಒದ್ದೆ ಕೈಯನ್ನು ಕಣ್ಣಿಗೆ, ತಲೆಗೆ ಒತ್ತಿಕೊಂಡಳು.

"ರುಚಿ? ರುಚಿ ಹ್ಯಾಂಗೈತಿ ಹೇಳಬೇ!"

ಮಾಯವ್ವ ಮಗನನ್ನು ಮೇಲಿಂದ ಕೆಳಗೆ ನೋಡಿದಳು.

"ತೀರ್ಥಕ್ಕ ಯಾರರ ರುಚಿ ಕೇಳ್ತಾರೇನೋ, ಹುಚ್ಚಪ್ಪಾ?"