ಎಲೆಗೆ ಸಂಚಕಾರ ಸರಿ, ಆಟಕ್ಕೆ ಯಾಕೆ?

ಮಕ್ಕಳು ಹಾಸಿಗೆ ಹಿಡಿದರೆ ಹಿರಿಯರ ಕೈ ಸುಮ್ಮನಿರುವುದಿಲ್ಲ. ಏನಾದರೂ ತಂದುಕೊಡಬೇಕು, ಒಮ್ಮೆ ನಗಿಸಬೇಕು ಎಂದು ಜೀವ ಚಡಪಡಿಸುತ್ತದೆ. ಆ ಚಡಪಡಿಕೆಯಲ್ಲಿ ಏನು ಕೊಳ್ಳುತ್ತಿದ್ದೇವೆ ಎಂಬುದೂ ತಿಳಿಯುವುದಿಲ್ಲ. ಸವಣೂರಿನ ಅಲ್ಲಾಭಕ್ಷನಿಗೆ ಆದದ್ದೂ ಇದೇ.

ಅಲ್ಲಾಭಕ್ಷ ವೀಳ್ಯದೆಲೆ ವ್ಯಾಪಾರಿ. ಮನೆಯ ಮುಂದಿನ ಖೋಲಿಯೇ ಅವನ ಅಂಗಡಿ. ಎಲೆಯ ವಿಷಯದಲ್ಲಿ ಅವನಿಗೆ ಟೋಪಿ ಹಾಕುವುದು ಯಾರಿಂದಲೂ ಆಗದ ಮಾತು. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಯಾವ ತೋಟದ ಎಲೆ ಖಾರ, ಯಾವುದು ಸಪ್ಪೆ ಎಂದು ಬಾಯಿಗಿಡದೆಯೇ ಹೇಳುವ ಆಸಾಮಿ ಅವನು. ತೋಟ ಮನಸ್ಸಿಗೆ ಬಂತೆಂದರೆ ಕೊಯ್ಲಿಗೆ ಮೊದಲೇ ಸಂಚಕಾರ ಕೊಟ್ಟುಬಿಡುತ್ತಾನೆ. ಸಂಚಕಾರ ಅಂದರೆ ಮುಂಗಡ. ಅದನ್ನು ಕೊಟ್ಟ ಮೇಲೆ ಆ ಎಲೆಯ ಮೇಲೆ ಬೇರೆಯವರು ಕೈ ಹಾಕುವಂತಿಲ್ಲ. ತಡ ಮಾಡಿದರೆ ಇನ್ನೊಬ್ಬ ವ್ಯಾಪಾರಿ ಎತ್ತಿಕೊಂಡು ಹೋಗುತ್ತಾನೆ, ಇಲ್ಲವೇ ಎಲೆ ಬಾಡುತ್ತದೆ. ಮೊದಲು ಕೈ ಹಾಕಿದವನೇ ಜಾಣ ಎಂಬುದು ಅವನ ರಕ್ತದಲ್ಲೇ ಇಳಿದಿತ್ತು.

ಅವನಿಗೆ ಒಬ್ಬಳೇ ಮಗಳು, ಫರ್ಜಾನಾ. ಒಂಬತ್ತನೇ ತರಗತಿ. ಆ ಮಳೆಗಾಲದಲ್ಲಿ ಶಾಲೆಯಿಂದ ಬರುವಾಗ ಹಿಂದೆ ಕುಳಿತಿದ್ದ ಸ್ಕೂಟರ್ ಜಾರಿ ಬಿದ್ದು ತೊಡೆಯ ಮೂಳೆ ಮುರಿಯಿತು. ಆಪರೇಷನ್ ಆಗಿ ಮನೆಗೆ ಬಂದಳು, ಹಾಸಿಗೆ ಬಿಟ್ಟೇಳುವಂತಿರಲಿಲ್ಲ. ಗೆಳತಿಯರು ಮೊದಮೊದಲು ಗುಂಪುಗೂಡಿ ಬಂದರು. ಆಮೇಲೆ ಅವರಿಗೂ ಪರೀಕ್ಷೆ, ಟ್ಯೂಷನ್ನು. ಬರುವುದು ಕಡಿಮೆಯಾಗಿ ಕೊನೆಗೆ ನಿಂತೇಹೋಯಿತು. ಮೊದಲಾದರೆ ಫರ್ಜಾನಾಳ ಬಾಯಿ ಮುಚ್ಚಿಸುವುದೇ ಆ ಮನೆಯಲ್ಲಿ ದೊಡ್ಡ ಕೆಲಸವಾಗಿತ್ತು. ಈಗ ಕೇಳಿದ್ದಕ್ಕೆ ಹೂಂ, ಇಲ್ಲದಿದ್ದರೆ ಅದೂ ಇಲ್ಲ. ಕಾಲು ಕೂಡುತ್ತದೆ ಎಂದು ಡಾಕ್ಟರು ಭರವಸೆ ಕೊಟ್ಟಿದ್ದರು. ಮಗಳ ಮಾತು ಮರಳಿ ಬರುತ್ತದೆ ಎಂದು ಭರವಸೆ ಕೊಡುವವರು ಯಾರೂ ಇರಲಿಲ್ಲ. ಅಲ್ಲಾಭಕ್ಷನಿಗೆ ಬೇಕಾಗಿದ್ದದ್ದು ಅದೊಂದೇ.

ಹುಬ್ಬಳ್ಳಿಯಲ್ಲಿರುವ ಅವಳ ಮಾಮಾ ಜಾಕೀರ ಹೊಸ ಲ್ಯಾಪ್‌ಟಾಪ್ ಕೊಂಡಾಗ ಹಳೆಯದನ್ನು ಸೋದರಸೊಸೆಗೆ ಕೊಟ್ಟ. ವಿಡಿಯೋ ಗೇಮ್ ಆಡುವ ಎರಡು ಹಿಡಿಕೆಗಳನ್ನೂ, ಅಂದರೆ ಕಂಟ್ರೋಲರುಗಳನ್ನೂ, ಜೊತೆಗಿಟ್ಟಿದ್ದ. ಮಗಳ ಕಣ್ಣು ಸ್ವಲ್ಪ ಅರಳಿದ್ದನ್ನು ಅಲ್ಲಾಭಕ್ಷ ಕಂಡ. ಸಾಕು, ಅವತ್ತಿನಿಂದ ಎಲೆ ಮಾರುತ್ತಲೇ ಮೊಬೈಲಿನಲ್ಲಿ ಆಟಗಳ ಜಾಹೀರಾತು ನೋಡತೊಡಗಿದ. ಅಲ್ಲಿ ಸಿಕ್ಕಿತು 'ಅಗ್ನಿಕೋಟೆ'. ಇನ್ನೂ ಬಿಡುಗಡೆಯೇ ಆಗಿರಲಿಲ್ಲ. ಆದರೂ ಬೆಂಕಿ ಕಾರುವ ಹಕ್ಕಿಗಳೇನು, ಮುಗಿಲು ಮುಟ್ಟುವ ಗೋಪುರಗಳೇನು! ಸಾಲದ್ದಕ್ಕೆ, ಮೊದಲೇ ಹಣ ಕಟ್ಟಿ ಕಾಯ್ದಿರಿಸಿದವರಿಗೆ ಚಿನ್ನದ ಕತ್ತಿ ಉಚಿತ ಎಂದು ಬರೆದಿತ್ತು.

ಹೆಂಡತಿ ನಸೀರಾ, ಬಲ್ಲವರನ್ನು ಒಂದು ಮಾತು ಕೇಳಿ ಕೊಳ್ಳಿರೆಂದು ಹೇಳಿದಳು. ಅಲ್ಲಾಭಕ್ಷ ಕೇಳುವ ಸ್ಥಿತಿಯಲ್ಲಿರಲಿಲ್ಲ.

"ಛಲೋ ಮಾಲ್ ಐತಿ. ತಡಾ ಮಾಡಿದ್ರ ಖಾಲಿ ಆಗಿಬಿಡತೈತಿ" ಎಂದವನೇ ಸಂಚಕಾರ ಅಲ್ಲ, ಪೂರ್ತಿ ಹಣವನ್ನೇ ಕಟ್ಟಿಬಿಟ್ಟ.

ಆಟ ಬಿಡುಗಡೆಯಾದ ದಿನ ಮನೆಯಲ್ಲಿ ಹಬ್ಬದ ಕಳೆ. ಆದರೆ ಅದು ಲ್ಯಾಪ್‌ಟಾಪಿಗೆ ಇಳಿದು ಮುಗಿಯುವಷ್ಟರಲ್ಲಿ ಮರುದಿನದ ಸಂಜೆಯಾಗಿತ್ತು. ಶುರು ಮಾಡಿದರೆ ಹಳೆಯ ಯಂತ್ರ ಕಾದ ಹಂಚಿನಂತಾಯಿತು. ಚಿತ್ರ ಮುಂದೆ ಹೋಗದು. ಹೇಗೋ ಹೋದಾಗ ಕಂಡದ್ದು ಬರೀ ಕಡಿ, ಕೊಚ್ಚು, ರಕ್ತ. ಜೊತೆಗಾರರು ಬೇಕೆಂದರೆ ಅಂತರ್ಜಾಲದಲ್ಲಿ ಗುರುತಿಲ್ಲದವರ ಜೊತೆ ಸೇರಬೇಕು. ಆಟದೊಳಗೆ ಬಾಗಿಲು ತೆರೆಯಬೇಕೆಂದರೆ ಹಣ, ಅಂಗಿ ಬದಲಿಸಬೇಕೆಂದರೂ ಹಣ. ಆ ಚಿನ್ನದ ಕತ್ತಿಯೇನೋ ಬಂದಿತ್ತು. ಅದನ್ನು ಎತ್ತುವ ಶಕ್ತಿ ಬರಬೇಕಾದರೆ ಮಾತ್ರ ಇನ್ನೂ ಎಷ್ಟೋ ಕಾದಾಟ ಗೆಲ್ಲಬೇಕಿತ್ತು.

ಫರ್ಜಾನಾ ಒಂದೆರಡು ದಿನ ಪ್ರಯತ್ನಿಸಿದಳು, ಅಪ್ಪನಿಗೆ ಬೇಸರವಾಗಬಾರದೆಂದು. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ ಪಕ್ಕಕ್ಕೆ ಸರಿಸಿದಳು.

"ನನ್ನ ಸಲುವಾಗಿ ಏನೂ ತರಬ್ಯಾಡ್ರಿ ಅಬ್ಬಾ" ಎಂದಳು.

ಸಿಟ್ಟಿನಿಂದ ಅಂದಿದ್ದರೆ ಅಲ್ಲಾಭಕ್ಷ ತಡೆದುಕೊಳ್ಳುತ್ತಿದ್ದ. ಅವಳು ಮೆಲ್ಲಗೆ ಅಂದಳು, ಅದೇ ಅವನ ಎದೆಗೆ ನಾಟಿತು. ಹಣ ವಾಪಸು ಕೇಳೋಣವೆಂದರೆ ಅದಕ್ಕಿದ್ದ ಗಡುವು ದಾಟಿಹೋಗಿತ್ತು. ಗಡುವು ಇರುತ್ತದೆ ಎಂಬುದನ್ನೇ ಅವನು ಓದಿರಲಿಲ್ಲ.

ಇಂಥ ಹೊತ್ತಿನಲ್ಲಿ ಮನೆಗೆ ಬಂದವಳು ಯಶೋಧರಾ. ಹಿರೇಬೆಂಡಿಗೇರಿಯವಳು, ಶಿಗ್ಗಾಂವಿಯ ಒಂದು ಚಿಕಿತ್ಸಾಲಯದಲ್ಲಿ ಫಿಸಿಯೋಥೆರಪಿ ಮಾಡುತ್ತಾಳೆ. ವಾರಕ್ಕೊಮ್ಮೆ ಸವಣೂರಿಗೆ ಬಂದು ಫರ್ಜಾನಾಳ ಕಾಲಿಗೆ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ಅವತ್ತು ಹುಡುಗಿ ಕಾಲು ಎತ್ತಲು ಒಪ್ಪಲೇ ಇಲ್ಲ. ಯಾಕೆಂದು ಕೇಳಿದಾಗ ನಸೀರಾ ಚಹಾ ಕೊಡುತ್ತಾ ಅಗ್ನಿಕೋಟೆಯ ಕಥೆಯನ್ನೆಲ್ಲ ಹೇಳಿದಳು. ಅಲ್ಲಾಭಕ್ಷ ಬಾಗಿಲಲ್ಲಿ ನಿಂತು, ಆಟಗಳೆಲ್ಲ ಶುದ್ಧ ಮೋಸ, ನಾಳೆಯೇ ಆ ಲ್ಯಾಪ್‌ಟಾಪನ್ನು ವಾಪಸು ಕಳಿಸುತ್ತೇನೆ ಎಂದ.

ಯಶೋಧರಾ ನಕ್ಕಳು. ತಾನೂ ಆಟ ಆಡುತ್ತೇನೆ, ಕಾಲೇಜು ಹಾಸ್ಟೆಲಿನಲ್ಲಿ ಹತ್ತಿದ ರೂಢಿ, ಈಗಲೂ ಕೆಲಸ ಮುಗಿದ ಮೇಲೆ ಸ್ವಲ್ಪ ಹೊತ್ತು ಆಡದಿದ್ದರೆ ಸಮಾಧಾನವಿಲ್ಲ ಎಂದಳು. ಅಲ್ಲಾಭಕ್ಷ ಅವಳನ್ನು ಮೇಲಿಂದ ಕೆಳಗೆ ನೋಡಿದ. ಕಾಲು ನೆಟ್ಟಗೆ ಮಾಡುವ ಡಾಕ್ಟರಮ್ಮ ವಿಡಿಯೋ ಗೇಮ್ ಆಡುತ್ತಾಳೆ ಎಂಬುದು ಅವನ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಭಾಯಿ, ಒಂದ್ ಮಾತ್ ಕೇಳ್ತೇನಿ" ಎಂದಳು ಯಶೋಧರಾ. "ಎಲಿ ತ್ವಾಟಕ್ಕ ಮೊದ್ಲ ಸಂಚಕಾರ ಯಾಕ ಕೊಡ್ತೀರಿ?"

"ಮತ್ತೊಬ್ರ ಪಾಲಾಗಬಾರ್ದು ಅಂತರಿ."

"ಆಟ ಯಾವಾಗರ ಖಾಲಿ ಆಗತೈತೇನ್ರಿ? ಸವಣೂರ ಮಂದಿ ಎಲ್ಲಾ ಕೊಂಡ್ರೂ ಇನ್ನೂ ಅಷ್ಟ ಉಳಿದಿರತೈತಿ. ಅದೇನು ಬಾಡೂ ಮಾಲ ಅಲ್ಲ. ಮತ್ಯಾಕ ಅವಸರಾ ಮಾಡಿದ್ರಿ?"

ಇಷ್ಟು ವರ್ಷ ವ್ಯಾಪಾರ ಮಾಡಿದ ಅಲ್ಲಾಭಕ್ಷನಿಗೆ ಇಷ್ಟು ಸರಳ ಮಾತು ಹೊಳೆದಿರಲಿಲ್ಲ. ಯಶೋಧರಾ ಬಿಡಿಸಿ ಹೇಳಿದಳು. ಹೊಸ ಆಟ ಬಂದ ಮೊದಲ ದಿನಗಳಲ್ಲಿ ತಪ್ಪುಗಳು ಹೆಚ್ಚು. ಮಾಡಿದವರು ಅವನ್ನು ತಿಂಗಳುಗಟ್ಟಲೆ ತಿದ್ದುತ್ತಾ ಹೋಗುತ್ತಾರೆ. ಕಾದವರಿಗೆ ಸುಧಾರಿಸಿದ ಆಟವೂ ಸಿಗುತ್ತದೆ, ಎಷ್ಟೋ ಸಲ ಬೆಲೆಯೂ ಇಳಿದಿರುತ್ತದೆ. ಕಾಯ್ದಿರಿಸಿದವರಿಗೆ ಕತ್ತಿ, ಕಿರೀಟ ಎಂದು ಆಸೆ ತೋರಿಸುವುದು, ಬೇರೆಯವರು ಆಡಿ ಒಳ್ಳೆಯದು ಕೆಟ್ಟದ್ದು ಹೇಳುವ ಮೊದಲೇ ನಮ್ಮ ಕಿಸೆಗೆ ಕೈ ಹಾಕುವ ದಾರಿ.

"ಇನ್ನ ಎಲಿ ಕಟ್ಟು ಹೆಂಗ ನೋಡಿ ತಗೋತೀರಿ, ಅದನ್ನ ಹೇಳ್ರಿ."

ಇದು ಅವನ ವಿದ್ಯೆ. ಹುರುಪಿನಿಂದ ಅಂಗಡಿಯಿಂದ ಒಂದು ಕಟ್ಟು ತಂದ. ಮೇಲಿನ ಎಲೆ ಯಾವಾಗಲೂ ಚಂದವೇ ಇರುತ್ತದೆ, ಚಂದದ್ದನ್ನೇ ಮೇಲಿಟ್ಟಿರುತ್ತಾರೆ ಎಂದ. ಹೆಬ್ಬೆರಳಿನಿಂದ ಕಟ್ಟಿನ ನಡುವನ್ನು ಬಿಡಿಸಿ ಒಳಗಿನ ಎಲೆ ತೋರಿಸಿದ. ನೋಡಬೇಕಾದದ್ದು ಇಲ್ಲಿ ಎಂದ.

"ಅಷ್ಟರಿ. ಜಾಹೀರಾತು ಅನ್ನೂದು ಮ್ಯಾಲಿನ ಎಲಿ. ನೀವು ಅದನ್ನ ನೋಡಿ ಕೊಂಡ್ರಿ" ಎಂದಳು ಯಶೋಧರಾ.

ನಸೀರಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಲ್ಲಾಭಕ್ಷನಿಗೆ ನಾಚಿಕೆಯಾಯಿತು, ನಗುವೂ ಬಂತು. ಹಾಗಾದರೆ ಆಟದ ನಡುವನ್ನು ಬಿಡಿಸಿ ನೋಡುವುದು ಹೇಗೆ ಎಂದು ಅವನೇ ಕೇಳಿದ. ಯಶೋಧರಾ ತನ್ನ ಮೊಬೈಲಿನಲ್ಲಿ ತೋರಿಸಿದಳು. ಹಣ ಕೊಟ್ಟು ಕೊಂಡವರು ಆಡುತ್ತಿರುವ ಉದ್ದನೆಯ ವಿಡಿಯೋಗಳಿದ್ದವು. ಅಲ್ಲಿ ಬಣ್ಣವಿಲ್ಲ, ಬಡಾಯಿ ಇಲ್ಲ, ಆಟ ಇರುವ ಹಾಗೆ ಕಾಣುತ್ತದೆ. ಹೊಗಳಿದವರ ಮಾತಿಗಿಂತ ಬೇಸರಗೊಂಡವರು ಯಾಕೆ ಬೇಸರಗೊಂಡರು ಎಂಬುದನ್ನು ಓದಬೇಕು ಎಂದಳು. ಯಾವ ವಯಸ್ಸಿನವರಿಗೆ ಎಂದು ಆಟದ ಪುಟದಲ್ಲೇ ಬರೆದಿರುತ್ತದೆ. ಎಂಥ ಯಂತ್ರ ಬೇಕು, ಅಂತರ್ಜಾಲ ಇಲ್ಲದೆ ನಡೆಯುತ್ತದೆಯೇ, ಕೊಂಡ ಮೇಲೂ ಒಳಗೆ ಹಣ ಕೇಳುತ್ತದೆಯೇ, ಎಲ್ಲವೂ ಅಲ್ಲೇ ಇರುತ್ತದೆ. ಅಗ್ನಿಕೋಟೆಯ ಪುಟ ತೆಗೆದರೆ, ಹದಿನೆಂಟು ದಾಟಿದವರಿಗೆ ಎಂದು ಬರೆದದ್ದು ಎಲ್ಲರಿಗೂ ಕಂಡಿತು. ಅಲ್ಲಾಭಕ್ಷ ತಲೆ ಕೆರೆದುಕೊಂಡ.

ಆಮೇಲೆ ಯಶೋಧರಾ ಹಾಸಿಗೆಯ ಕಡೆ ತಿರುಗಿದಳು. ಅಷ್ಟು ಹೊತ್ತು ಎಲ್ಲರೂ ಫರ್ಜಾನಾಳ ಬಗ್ಗೆ ಮಾತಾಡಿದ್ದರೇ ಹೊರತು ಅವಳ ಜೊತೆ ಮಾತಾಡಿರಲಿಲ್ಲ.

"ನಿನಗ ಎಂಥಾ ಆಟ ಬೇಕವಾ?"

ಹುಡುಗಿ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಇಬ್ರು ಮಗ್ಗಲಕ್ಕ ಕುಂತು ಆಡೂವಂಥಾದ್ದು" ಎಂದಳು. "ನಾ ಒಬ್ಬಾಕಿನ ಇರ್ತೇನಲ್ರಿ, ದಿನಾ."

ಅಲ್ಲಾಭಕ್ಷ ಎಲೆಯ ಕಟ್ಟನ್ನು ಕೆಳಗಿಟ್ಟ. ಬೆಂಕಿ ಹಕ್ಕಿ, ಗೋಪುರ, ಚಿನ್ನದ ಕತ್ತಿ ಎಲ್ಲವನ್ನೂ ತಂದುಕೊಡಲು ಹೊರಟವನು ಮಗಳನ್ನು ಈ ಒಂದು ಮಾತು ಕೇಳಿರಲಿಲ್ಲ. ಬಾಗಿಲು ದಾಟಿ ಅಂಗಡಿಗೆ ಹೋಗಿ ಸ್ವಲ್ಪ ಹೊತ್ತು ಕುಳಿತುಬಿಟ್ಟ.

ಆಟ ಹುಡುಕುವ ಕೆಲಸವನ್ನು ಯಶೋಧರಾ ಫರ್ಜಾನಾಳಿಗೇ ಒಪ್ಪಿಸಿ ಹೋದಳು. ಅಲ್ಲಿಂದ ಮನೆಯಲ್ಲಿ ಒಂದು ಹೊಸ ವಿಷಯ ಶುರುವಾಯಿತು. ಊಟದ ಹೊತ್ತಿಗೆ ಫರ್ಜಾನಾ ತಾನು ನೋಡಿದ ಆಟಗಳ ಗುಣದೋಷ ಹೇಳುವಳು, ನಸೀರಾ ಪ್ರಶ್ನೆ ಹಾಕುವಳು. ಒಂದು ಆಟ ನೋಡಲು ಮುದ್ದಾಗಿತ್ತು, ಒಳಗೆ ಹೋದರೆ ಬರೀ ಪೆಟ್ಟಿಗೆಗಳ ಮಾರಾಟ. ಏನು ಸಿಗುತ್ತದೆಂದು ಗೊತ್ತಿಲ್ಲದೆ ಹಣ ಕಟ್ಟಿ ತೆರೆಯಬೇಕು. ಅದನ್ನು ಬಿಟ್ಟಳು. ಇನ್ನೊಂದಕ್ಕೆ ಸದಾ ಅಂತರ್ಜಾಲ ಬೇಕು. ತಮ್ಮ ಓಣಿಯಲ್ಲಿ ನೆಟ್‌ವರ್ಕ್ ಬಂದರೆ ಬಂತು, ಹೋದರೆ ಹೋಯಿತು ಎಂದು ಅದನ್ನೂ ಬಿಟ್ಟಳು. ಇದು ಚಂದ ಐತಿ ತಗೊಂಡುಬಿಡೂಣು ಎಂದು ಅಲ್ಲಾಭಕ್ಷ ನಡುನಡುವೆ ಹುರುಪು ಮಾಡಿದರೆ, ತಡಿರಿ ಅಬ್ಬಾ ಎಂದು ಮಗಳೇ ಅವನ ಕೈ ಹಿಡಿದು ನಿಲ್ಲಿಸುವಳು.

ಕೊನೆಗೆ ಸಿಕ್ಕಿದ್ದು 'ಜೋಡಿ ದೋಣಿ' ಎಂಬ ಚಿಕ್ಕ ಆಟ. ಬಂದು ಎರಡು ವರ್ಷವಾಗಿತ್ತು, ಯಾವ ಜಾಹೀರಾತಿನಲ್ಲೂ ಅವರು ಕಂಡಿರಲಿಲ್ಲ. ಒಂದೇ ದೋಣಿ, ಇಬ್ಬರು ಕೂರಬೇಕು. ಒಬ್ಬರಿಗೆ ಎಡಗಡೆಯ ಹುಟ್ಟು, ಇನ್ನೊಬ್ಬರಿಗೆ ಬಲಗಡೆಯದು. ಹೊಳೆ ಹಿಡಿದು ಊರೂರಿಗೆ ಸಾಮಾನು ಮುಟ್ಟಿಸಬೇಕು. ಹಣ ಕೊಡದೆ ಆಡಿನೋಡಲು ಮೊದಲ ಭಾಗವನ್ನು ಬಿಟ್ಟಿದ್ದರು. ತಾಯಿ ಮಗಳು ಅದನ್ನು ಆಡಿದರು. ನಸೀರಾಳ ಹುಟ್ಟಿನ ಹೊಡೆತಕ್ಕೆ ದೋಣಿ ನಿಂತಲ್ಲೇ ಗಿರಗಿರ ತಿರುಗಿತು. ಲ್ಯಾಪ್‌ಟಾಪ್ ಬಿಸಿಯಾಗಲಿಲ್ಲ, ನಡುವೆ ನಿಲ್ಲಲಿಲ್ಲ. ಯಶೋಧರಾಳಿಗೆ ಫೋನು ಮಾಡಿ ಕೇಳಿ, ವಾಪಸಾತಿಯ ಗಡುವು ಓದಿ, ತಿಳಿಯದೆ ಹಣ ಹೋಗದಂತೆ ಪಾವತಿಗೆ ಗುಪ್ತ ಸಂಖ್ಯೆ ಇಟ್ಟು, ಆಮೇಲೆ ಕೊಂಡರು. ಕಾಲಿನ ವ್ಯಾಯಾಮ ಮುಗಿದ ಮೇಲೆ ಆಟ, ಸಂಜೆಯ ಮಗ್ರಿಬ್ ನಮಾಜಿನ ಹೊತ್ತಿಗೆ ಬಂದ್ ಎಂದು ಮೂವರೂ ಕೂಡಿ ಮಾತು ಮಾಡಿಕೊಂಡರು.

ಮರುದಿನ ಅಲ್ಲಾಭಕ್ಷ ಅಂಗಡಿಯಲ್ಲಿ ಗಿರಾಕಿಗೆ ಎಲೆ ಎಣಿಸಿ ಕೊಡುತ್ತಿದ್ದ. ಒಳಗಿನಿಂದ ದನಿ ಬಂತು. ಎಷ್ಟು ಜೋರಾಗಿತ್ತೆಂದರೆ ಗಿರಾಕಿಯೂ ತಲೆ ಎತ್ತಿದ.

"ಅಬ್ಬಾ, ಲಗೂನ ಬರ್ರಿ. ಅಮ್ಮಿ ರೊಟ್ಟಿ ಮಾಡಾಕತ್ತಾಳ. ನೀವು ಬರದ ದೋಣಿ ಮುಂದ ಹೋಗವಲ್ದು."

ಎಣಿಕೆ ತಪ್ಪಿತು. ಕೈಗೆ ಬಂದಷ್ಟು ಎಲೆಯನ್ನು ಗಿರಾಕಿಯ ಕೈಗಿತ್ತು ಅಲ್ಲಾಭಕ್ಷ ಒಳಗೆ ಓಡಿದ. ಆ ದಿನ ಅವರು ದೋಣಿಯನ್ನು ದಂಡೆಗೆ ಎಷ್ಟು ಸಲ ಗುದ್ದಿಸಿದರೋ ದೇವರೇ ಬಲ್ಲ. ಫರ್ಜಾನಾ ಅಪ್ಪನನ್ನು ಬೈದಳು, ನಕ್ಕಳು, ಶಾಲೆಯ ಕಥೆ ಹೇಳಿದಳು, ಮತ್ತೆ ಬೈದಳು. ನಿಲ್ಲದ ಆ ಮಾತನ್ನು ಅಲ್ಲಾಭಕ್ಷ ಕಣ್ಣು ಒರೆಸಿಕೊಳ್ಳುತ್ತಾ ಕೇಳಿದ.

ಮುಂದಿನ ವಾರ ಯಶೋಧರಾ ಬಂದಾಗ, ಅವಳು ಹೇಳುವ ಮೊದಲೇ ಹುಡುಗಿ ಕಾಲು ಎತ್ತಿದಳು. ಹೊರಡುವಾಗ ಅಲ್ಲಾಭಕ್ಷ ಯಶೋಧರಾಳನ್ನು ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಹೋದ. ಏನು ಕೊಟ್ಟರೂ ಅವಳು ಮುಟ್ಟಲಿಲ್ಲ. ಬಸ್ಸು ಬರುವಾಗ ಅವನು ಎರಡೂ ಕೈ ಜೋಡಿಸಿದ.

"ಅಕ್ಕಾ, ಆಟ ಆರಿಸೂದು ಕಲಿಸಿದ್ರಿ ಅಂತ ಮಂದಿಗೆ ಹೇಳ್ತೇನಿ. ಖರೇ ಅಂದ್ರ, ನಮ್ಮ ಮಗಳನ್ನ ಕೇಳೂದು ಕಲಿಸಿದ್ರಿ. ಈ ಋಣಾ ನಾ ಮರಿಯೂದಿಲ್ಲ."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಪ್ಪ ಅವ್ವಂದಿರೇ, ಅಕ್ಕ ಅಣ್ಣಂದಿರೇ, ಹೊಸ ಆಟ ಓಡಿಹೋಗುವುದಿಲ್ಲ, ನೀವೂ ಓಡಬೇಡಿ. ಬಿಡುಗಡೆಗೆ ಮೊದಲೇ ಹಣ ಕಟ್ಟಬೇಡಿ. ಆಡಿದವರ ಮಾತು ಕೇಳಿ, ವಯಸ್ಸು ನೋಡಿ, ನಿಮ್ಮ ಯಂತ್ರಕ್ಕೆ ಹೊಂದುತ್ತದೆಯೇ ನೋಡಿ, ಕೊಂಡ ಮೇಲೂ ಹಣ ಸುಲಿಯುವುದೇ ಎಂದು ವಿಚಾರಿಸಿ. ಉಚಿತವಾಗಿ ಆಡಿನೋಡಲು ಸಿಕ್ಕರೆ ಬಿಡಬೇಡಿ. ಇಷ್ಟಕ್ಕೂ ಮೊದಲು, ನಿನಗೆ ಎಂಥದ್ದು ಬೇಕು ಎಂದು ಮಗುವನ್ನೇ ಕೇಳಿ, ಉತ್ತರ ಬರುವ ತನಕ ಕಾಯಿರಿ. ಆಟ ಮನೆಗೆ ಬಂದ ಮೇಲೆ ಇನ್ನೊಂದು ಕೆಲಸ ಉಳಿದಿರುತ್ತದೆ. ಅದನ್ನು ಹಣ ಕೊಟ್ಟು ಮಾಡಿಸಲಾಗದು: ಮಗುವಿನ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ.