ಮೂವತ್ತೆರಡನೇ ವಾರದ ಸೋಮವಾರ

ಉಗುರಿನ ಸಂದಿಯಲ್ಲಿ ಇನ್ನೂ ಬೆಳ್ಳಗಿದೆ, ನಿನ್ನೆ ಬ್ರಷ್ ಹಾಕಿ ತಿಕ್ಕಿದರೂ ಹೋಗಿಲ್ಲ, ಗಾಜು ಕೂರಿಸುವ ಪುಟ್ಟಿ, ಅಗಸೆ ಎಣ್ಣೆಯಲ್ಲಿ ಕಲಸಿದ್ದು, ಮೂಗಿನ ಹತ್ತಿರ ತಂದರೆ ವಾಸನೆ ಕೂಡ ಇದೆ — ನಲವತ್ತು ಡೆಸಿಬೆಲ್, ಸದ್ದು ಕಳಿಸಿದೆ, ದೀಪ ಹತ್ತಿತು, ಮೂವತ್ತು, ಕಳಿಸಿದೆ, ದೀಪ ಹತ್ತಿತು — ಗಾಜಿನಾಚೆಯ ಪುಟ್ಟ ಕೋಣೆಯಲ್ಲಿ ಇವತ್ತಿನ ಮೊದಲ ರೋಗಿ, ಒಬ್ಬ ಮುದುಕ, ಕೂತಿದ್ದಾನೆ, ಕಿವಿಗೆ ಹೆಡ್‌ಫೋನು, ಕೈಯಲ್ಲಿ ಗುಂಡಿ, ಸದ್ದು ಕೇಳಿಸಿದಾಗಲೆಲ್ಲ ಹೆಬ್ಬೆರಳಿನಿಂದ ಒತ್ತಿ, ಎಷ್ಟೇ ಸಣ್ಣ ಸದ್ದಾದರೂ ಸರಿ, ಎಂದು ಹೇಳಿ ಬಾಗಿಲು ಹಾಕಿಕೊಂಡು ಬಂದು ಈ ಕಡೆ ಯಂತ್ರದ ಮುಂದೆ ಕೂತೆ, ಅವನು ಒತ್ತಿದರೆ ಇಲ್ಲಿ ದೀಪ ಹತ್ತುತ್ತದೆ, ಹತ್ತೊಂಬತ್ತು ವರ್ಷದಿಂದ ಇದೇ ಮಾತು, ಇದೇ ಕುರ್ಚಿ, ಅಲ್ಲ, ಕುರ್ಚಿಯನ್ನು ನಡುವೆ ಒಮ್ಮೆ ಬದಲಾಯಿಸಿದರು. ಹೆಸರು ಸಿಕ್ಸ್‌ಟೆನ್ ಎಂದಿದೆ ಕಾಗದದಲ್ಲಿ, ಎಂಬತ್ತೊಂದು ವರ್ಷ, ಮರದ ಮಿಲ್ಲಿನಲ್ಲಿ ಗರಗಸದ ಪಕ್ಕ ನಲವತ್ತು ವರ್ಷ. ಇಪ್ಪತ್ತು, ದೀಪ ಹತ್ತಿತು, ಒಳ್ಳೆಯ ಕಿವಿ, ಈ ವಯಸ್ಸಿಗೆ ಇಷ್ಟು ಕೇಳಿಸಿದರೆ ಪುಣ್ಯವಂತ, ಹಾಳೆಯ ಮೇಲೆ ಚುಕ್ಕಿ ಇಟ್ಟೆ, ಮುಂದಿನ ಸದ್ದು.

ಇವನು ಬರುವ ಮುಂಚೆ, ಒಂಬತ್ತೂವರೆಯ ಕಾಫಿಗೆ ಎಲ್ಲರೂ ಮೇಜಿನ ಸುತ್ತ, ಎಲ್ಲರ ಕೈಗಳೂ ಬಿಸಿಲಿಗೆ ಕಂದಿದ್ದವು, ಈ ಆಸ್ಪತ್ರೆಯಲ್ಲಿ ರಜೆಯಿಂದ ಬಂದ ಮೊದಲ ಸೋಮವಾರ ಸರದಿಯಂತೆ ಹೇಳಬೇಕು, ಯಾವ ವಾರದಿಂದ ಯಾವ ವಾರ, ಹವೆ ಹೇಗಿತ್ತು, ತಿಂಗಳ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ, ವರ್ಷವನ್ನು ವಾರದ ಲೆಕ್ಕದಲ್ಲೇ ಬದುಕುವ ಜನ ನಾವು. ಮುಖ್ಯಸ್ಥೆ ಬೋಡಿಲ್ ದಾಲ್ಚಿನ್ನಿ ಬನ್ನುಗಳ ತಟ್ಟೆ ತಳ್ಳುತ್ತ, ಹೇಳ್ರಪ್ಪಾ, ಯಾರ್ಯಾರು ಏನೇನ್ ಮಾಡಿದ್ರಿ. ಯೋರಾನ್ ಬಾಯಿತುಂಬ ಬನ್ನು ಇಟ್ಟುಕೊಂಡೇ, ಇಪ್ಪತ್ತೆಂಟರಿಂದ ಮೂವತ್ತೊಂದು, ಎರಡು ವಾರ ಮಳೆ, ಒಂದು ವಾರ ನಮ್ಮತ್ತೆ, ಉಳಿದಿದ್ದು ಚೆನ್ನಾಗಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ, ನಗುವಾಗ ಬಾಯಿ ಹೇಗೆ ಇಟ್ಟುಕೊಳ್ಳಬೇಕು ಎಂದು ಯೋಚಿಸಿ ನಕ್ಕೆ. ನಿಂದೇನೇ ಪೆರ್ನಿಲ್ಲಾ? ನಾಲ್ಕು ವಾರಾನೂ ಚೆನ್ನಾಗಿತ್ತು, ಆದ್ರೂ ವಾಪಸ್ ಬಂದಿದ್ದು ಹಾಯಾಗಿದೆ. ಅದನ್ನು ನಾನೇ ಹೇಳಿದೆ, ಯಾರೂ ಬಾಯಿ ಬಿಡಿಸಲಿಲ್ಲ. ಆಮೇಲೆ ಲೋಟ ತೊಳೆಯುವ ಕಡೆ ಬೋಡಿಲ್ ಹಿಂದೆಯೇ ಬಂದು ದನಿ ತಗ್ಗಿಸಿ, ನೋಡೇ, ಈ ವಿಭಾಗ ನೀನೇ ನೋಡ್ಕೊಳ್ಳೋದು ಅಂತ ಮಾಡಿದೀನಿ, ಮೂವತ್ತಾರನೇ ವಾರದಿಂದ, ಮೂರು ವರ್ಷ, ನಿನ್ನ ಬಿಟ್ಟು ಇನ್ಯಾರಿದಾರೆ, ಹೆಸರು ಹನ್ನೊಂದು ಗಂಟೆಯೊಳಗೆ ಮೇಲಕ್ಕೆ ಕಳಿಸ್ಬೇಕು, ಕಳಿಸೋಕ್ ಮುಂಚೆ ಇನ್ನೊಂದ್ಸಲ ಕೇಳ್ತೀನಿ, ಆಗಬಹುದು ತಾನೆ? ಹೂಂ, ಆಗಬಹುದು. ಯಾರು ಹೇಳಿದ್ದು ಅದನ್ನು, ನನ್ನ ದನಿಯೇ, ತಣ್ಣಗೆ, ತೊಳೆದ ಲೋಟವನ್ನು ಸ್ಟ್ಯಾಂಡಿನಲ್ಲಿ ಬೋರಲು ಹಾಕುತ್ತ. ಮೂರು ವರ್ಷ. ಸಂಕಟವಾಗಬೇಕಿತ್ತು, ಆಗಲಿಲ್ಲ, ಅಷ್ಟೇ.

ಹದಿನೈದು, ದೀಪ ಹತ್ತಿತು. ರಜೆಯಲ್ಲಿ ಆ ದ್ವೀಪಕ್ಕೆ ನಾನೇನೂ ಕೆಲಸ ಮಾಡಲು ಹೋಗಿದ್ದಲ್ಲ, ಬಾಡಿಗೆ ಗುಡಿಸಿಲಲ್ಲಿ ಓದುತ್ತ ಬಿದ್ದಿರೋಣ ಎಂದು ಹೋದದ್ದು, ಮೂರನೇ ದಿನ ಪಕ್ಕದ ಅಂಗಳದಲ್ಲಿ ಟೂರೆ ಹಳೆಯ ಕಿಟಕಿಗಳನ್ನು ಕಳಚಿ ಸಾಲಾಗಿ ಒರಗಿಸಿದ್ದ, ಊರೂರ ಹಳೆಯ ಕಿಟಕಿ ರಿಪೇರಿ ಮಾಡುವುದೇ ಅವನ ಕಸುಬು, ಬೇಲಿಯ ಹತ್ತಿರ ನಿಂತು ನೋಡುತ್ತಿದ್ದೆ, ತಲೆ ಎತ್ತದೆ, ಸುಮ್ನೆ ನಿಂತ್ಕೊಂಡ್ ನೋಡೋದಾದ್ರೆ ಇದನ್ನಾದ್ರೂ ಹಿಡ್ಕೊ ಎಂದು ಬಣ್ಣ ಕೆರೆಯುವ ಉಳಿ ಕೊಟ್ಟ. ಹಿಡಿದುಕೊಂಡೆ. ಆಮೇಲೆ ಓದಲಿಲ್ಲ. ಹಸಿರಿನ ಕೆಳಗೆ ಬಿಳಿ, ಬಿಳಿಯ ಕೆಳಗೆ ಇಟ್ಟಿಗೆಯ ಕೆಂಪು, ಅದರ ಕೆಳಗೆ ಮರ, ಬಿಸಿಲು ಬೆನ್ನ ಮೇಲೆ, ಊಟಕ್ಕೆ ಹೊಸ ಆಲೂಗಡ್ಡೆ, ಹುಳಿ ಹಾಕಿದ ಹೆರಿಂಗ್ ಮೀನು. ನಾನು ಗಡಿಬಿಡಿ ಮಾಡಿ ಒಂದು ಗಾಜು ಒಡೆದೆ, ಅಯ್ಯೋ ಎಂದೆ, ಅವನು, ಯಾಕ್ ಅವಸರ, ನೂರು ವರ್ಷದಿಂದ ಇಲ್ಲೇ ಇದ್ವಲ್ಲ ಇವು, ಎಲ್ಲಿಗೋಗ್ತವೆ. ಸಂಜೆಗೆ ಭುಜ ನೋಯುತ್ತಿತ್ತು, ನೋವು ಎಷ್ಟು ಚೆನ್ನಾಗಿತ್ತು. ಹೊರಡುವ ದಿನ ಚೀಲವನ್ನು ದೋಣಿಕಟ್ಟೆಯವರೆಗೂ ಹೊತ್ತು ತಂದ, ನೋಡು, ಹಳೇ ಶಾಲೆದು ಅರವತ್ತು ಕಿಟಕಿ ಇದೆ, ನನ್ನೊಬ್ಬನ ಭುಜಕ್ಕೆ ಆಗಲ್ಲ, ನೀ ಬರೋದಾದ್ರೆ ಒಪ್ಕೋತೀನಿ, ಇಲ್ಲಾಂದ್ರೆ ಬಿಟ್ಟೆ, ಬರೋ ವಾರ ಹೇಳ್ಬಿಡು. ನಾನು ನಕ್ಕೆ, ನಾನಾ, ನಂಗೆ ಕೆಲಸ ಇದೆಯಲ್ಲ ಟೂರೆ. ಅವನು ನಗಲಿಲ್ಲ, ಇದೆಯಲ್ಲ, ಅಂದ. ದೋಣಿ ಬಿಟ್ಟಿತು, ದಡ ಸಣ್ಣದಾಯಿತು, ಅಳು ಬರಬಹುದು ಎಂದು ಕಾದೆ, ಬರಲಿಲ್ಲ, ಕಾಫಿ ತೆಗೆದುಕೊಂಡು ಒಳಗೆ ಹೋಗಿ ಕೂತೆ.

ಹತ್ತು, ದೀಪ ಹತ್ತಿತು, ಐದು, ದೀಪ, ಬಲಗಿವಿ ಮುಗಿಯಿತು, ಎಡಗಿವಿ. ಮೊಣಕೈ ಹತ್ತಿರ ಕಡಿಯುತ್ತಿದೆ, ಸೊಳ್ಳೆ ಕಚ್ಚಿದ್ದು ಇನ್ನೂ ಆರಿಲ್ಲ, ತುರಿಸಿಕೊಂಡೆ — ದೀಪ ಹತ್ತಿತು. ನಾನು ಸದ್ದು ಕಳಿಸಿಯೇ ಇಲ್ಲ. ಕೈ ಇಳಿಸಿದೆ. ಮತ್ತೆ ತುರಿಸಿಕೊಂಡೆ, ಮತ್ತೆ ದೀಪ. ಗಾಜಿನಾಚೆ ಸಿಕ್ಸ್‌ಟೆನ್ ನನ್ನ ಮೊಣಕೈಯನ್ನೇ ದಿಟ್ಟಿಸುತ್ತಿದ್ದಾನೆ, ಹೆಬ್ಬೆರಳು ಗುಂಡಿಯ ಮೇಲೆ ಸಿದ್ಧವಾಗಿದೆ. ಗೋಡೆಯ ಕಡೆ ತಿರುಗಿದೆ, ಹೆಡ್‌ಫೋನಿನ ವೈರು ನೇತಾಡುತ್ತಿದೆ, ಸಿಕ್ಕಿಸಿಯೇ ಇಲ್ಲ, ರಜೆಯಲ್ಲಿ ಯಂತ್ರ ಪರೀಕ್ಷಿಸಲು ಬಂದವರು ಕಿತ್ತಿದ್ದಾರೆ, ಬೆಳಿಗ್ಗೆ ಮೊದಲ ರೋಗಿ ಬರುವ ಮುಂಚೆ ನಾನೇ ಹಾಕಿಕೊಂಡು ಕೇಳಿ ನೋಡಬೇಕು, ಪಟ್ಟಿಯಲ್ಲಿ ಗುರುತು ಹಾಕಿದ್ದೇನೆ, ಕೇಳಿ ನೋಡಿದೆ ಎಂದು ನನ್ನ ಕೈಯಾರೆ ಗುರುತು, ಕೇಳಿಲ್ಲ. ಗರಗಸದ ಪಕ್ಕ ನಿಂತವನಿಗೆ ಇಂಥ ಕಿವಿ ಎಲ್ಲಿಂದ ಬರಬೇಕು, ಹೊಸಬರಿಗೂ ಹೊಳೆಯುವ ವಿಷಯ, ಥೂ, ಹಾಳೆಯ ತುಂಬ ಚುಕ್ಕಿ ಇಟ್ಟಿದ್ದೇನೆ.

ಬಾಗಿಲು ತೆರೆದು ಹೆಡ್‌ಫೋನು ತೆಗೆದೆ, ಕಿವಿಯ ಹತ್ತಿರ ಬಗ್ಗಿ ಗಟ್ಟಿಯಾಗಿ ಕೇಳಿದೆ, ಸಿಕ್ಸ್‌ಟೆನ್, ನಿಮಗೆ ಏನಾದ್ರೂ ಕೇಳಿಸ್ತಾ? ಏನೂ ಇಲ್ಲ ಕಣಮ್ಮ. ಮತ್ತೆ ಯಾಕ್ ಒತ್ತಿದ್ರಿ? ನಿನ್ ಕೈ ಆಡ್ದಾಗೆಲ್ಲ ಒತ್ತಿದೆ, ಒತ್ತದೇ ಇದ್ರೆ ನಿಂಗೆ ಬೇಜಾರಾಗತ್ತೇನೋ ಅಂತ, ನೀನು ಮೊದಲೇ ಸೋತ್ಹೋದ ಹಾಗ್ ಕಾಣ್ತಿದ್ದೆ. ಅವನಿಗೇ ನಗು ಬಂತು, ಮನೇಲೂ ಹಿಂಗೇ ನಾನು, ನನ್ ಹೆಂಡ್ತಿ ಮಾರ್ಟಾ ಬಾಯಿ ಆಡಿಸಿದ್ರೆ ಹೂಂ ಅಂತೀನಿ, ಹಂಗ್ ಹೂಂ ಅಂದೂ ಅಂದೂ ಹೋದ ವರ್ಷ ನಮ್ಮನೆ ಮಾರ್ಬಿಟ್ವಿ, ಫ್ಲ್ಯಾಟಿಗೆ ಹೋಗ್ತಿದೀವಿ ಅಂತ ನಂಗ್ ಗೊತ್ತಾಗಿದ್ದು ಸಾಮಾನು ತುಂಬೋ ಲಾರಿ ಬಂದ್ ನಿಂತಾಗ. ನಾನು ನಕ್ಕುಬಿಟ್ಟೆ, ಬಾಯಿ ಹೇಗೆ ಇಟ್ಟುಕೊಂಡೆನೋ ಗೊತ್ತಿಲ್ಲ, ಅವನೂ ನಕ್ಕ, ಆಮೇಲೆ ಕನ್ನಡಕ ತೆಗೆದು ಒರೆಸುತ್ತ, ಸೇಬಿನ ಮರ ಇತ್ತು ಅಲ್ಲಿ, ಅಂದ. ನನ್ನ ನಗು ಅಲ್ಲೇ ನಿಂತಿತು.

ವೈರು ಸಿಕ್ಕಿಸಿದೆ, ನಾನೇ ಹಾಕಿಕೊಂಡು ಕೇಳಿದೆ, ಇದೆ, ಸದ್ದು ಇದೆ. ಮತ್ತೆ ಅವನ ಕಿವಿಗೆ ಬಗ್ಗಿ, ಕೇಳಿಸ್ಲಿಲ್ಲ ಅಂದ್ರೆ ಒತ್ತಬೇಡಿ, ನಂಗೆ ಬೇಜಾರಾಗಲ್ಲ, ಆಣೆಗೂ ಆಗಲ್ಲ ಎಂದು ಹೇಳಿ ಹೆಡ್‌ಫೋನು ಹಾಕಿ ಬಂದು ಕೂತೆ, ಹಾಳೆ ಹರಿದು ಹೊಸದು ತೆಗೆದೆ. ಮೂವತ್ತು, ಇಲ್ಲ. ನಲವತ್ತು, ಇಲ್ಲ. ನಾನು ಬೇಕೆಂದೇ ಮೊಣಕೈ ಆಡಿಸಿದೆ, ಅವನ ಕಣ್ಣು ಅತ್ತ ಹೋಯಿತು, ಹೆಬ್ಬೆರಳು ತುಸು ಬಗ್ಗಿತು, ಒತ್ತಲಿಲ್ಲ. ಐವತ್ತು, ಹಿಂದೆ ಬಾಗಿಲು ಸದ್ದಾಯಿತು, ಬೋಡಿಲ್, ಪೆರ್ನಿಲ್ಲಾ, ಹನ್ನೊಂದಾಗ್ತಾ ಬಂತು, ನಿನ್ನ ಹೆಸರು ಕಳಿಸ್ತಿದೀನಿ, ಆಯ್ತಾ? ಹೂಂ ಎನ್ನುವುದು ಬಾಯಿಗೆ ಬಂದು ನಿಂತಿದೆ, ಅರ್ಧ ಉಸಿರು ಸಾಕು ಅದಕ್ಕೆ, ನಾನು ತಿರುಗಿ ನೋಡುತ್ತಿಲ್ಲ, ಅರವತ್ತು, ಅರವತ್ತು ಕಿಟಕಿ, ಆ ಹೆಬ್ಬೆರಳು, ಒಂದು ಬೆರಳು ತುಂಡಾಗಿರುವ ಕೈಯ ದಪ್ಪ ಹೆಬ್ಬೆರಳು, ಗುಂಡಿಯ ಮೇಲೆಯೇ ಇದೆ, ಒತ್ತಿಬಿಡಬೇಕು ಎಂದು ಅದಕ್ಕೆ ಎಷ್ಟು ಆಸೆ, ಪೆರ್ನಿಲ್ಲಾ, ಕೇಳಿಸ್ತೇನೇ, ಆಯ್ತಾ ಅಂದೆ, ಬೋಡಿಲ್ ಕಾಯುತ್ತಿದ್ದಾಳೆ, ಹೆಬ್ಬೆರಳು ಒತ್ತುತ್ತಿಲ್ಲ, ನಾನು ಹೂಂ ಅನ್ನುತ್ತಿಲ್ಲ, ಎಪ್ಪತ್ತು, ಹೆಬ್ಬೆರಳು, ಒತ್ತುತ್ತಿಲ್ಲ