ಚುಕ್ಕೆ ಬೀಳದ ಟಿವಿ

ಮಾಜಾಳಿಯ ನಮ್ಮ ಕೇರಿಯಲ್ಲಿ ದೋಣಿ ಇಳಿಸುವ ಮೊದಲು ಟಿವಿ ಹಾಕಿ ನೋಡುವುದು ರೂಢಿ. ದೂರದ ಕಡಲಲ್ಲಿ ಸಿಡಿಲಿನ ಮೋಡ ಕೂಡಿದರೆ ಆಂಟೆನಾದ ಚಿತ್ರದಲ್ಲಿ ಮೊದಲು ಚುಕ್ಕೆ, ಆಮೇಲೆ ಗೆರೆ ಬೀಳುತ್ತಿತ್ತು. ಗೆರೆ ಕಂಡ ದಿನ ನನ್ನ ತಮ್ಮ ರೂಪೇಶನನ್ನು ನಾನು ಕಡಲಿಗೆ ಬಿಡುತ್ತಿರಲಿಲ್ಲ.

ಕಳೆದ ವಾರ ಅವನು ಆಂಟೆನಾ ಕಿತ್ತೆಸೆದು ಈ ದರಿದ್ರ ಡಿಶ್ ಹಾಕಿಸಿದ. "ಡಿಜಿಟಲ್ ಅಂದ್ರೆ ಅರೆಬರೆ ಇಲ್ಲ. ಬಂದ್ರೆ ಪೂರ್ತಿ, ಇಲ್ದಿದ್ರೆ ಎಂತದೂ ಇಲ್ಲ," ಎಂದಿದ್ದ ಡಿಶ್ ಕೂರಿಸಲು ಬಂದವನು.

ಇವತ್ತು ಮಧ್ಯಾಹ್ನ, ಬಿರುಗಾಳಿಗೆ ಮುಂಚೆ ಇರುವ ಹಾಗೆ, ಗಾಳಿಯೇ ಇರಲಿಲ್ಲ. ಕಡಲಿಗೆ ಇಳಿಯುವುದು ಬೇಡವೆಂದೆ.

"ಚಿತ್ರ ಕನ್ನಡಿ ಹಾಂಗೆ ಉಂಟಲ್ಲೇ ಅಕ್ಕ, ಎಂತಕ್ಕೆ ಹೆದರ್ತೆ?" ಎಂದು ರೂಪೇಶ ನಕ್ಕು ಹೋದ.

ನಾಲ್ಕು ಗಂಟೆಗೆ, ಒಂದು ಚುಕ್ಕೆಯೂ ಬೀಳದೆ, ಟಿವಿ ಒಮ್ಮೆಲೇ ಕಪ್ಪಾಯಿತು. ದಂಡೆಗೆ ಓಡಿದೆ. ಆಕಾಶವೂ ಅಷ್ಟೇ ಕಪ್ಪಾಗಿತ್ತು. ಆಂಟೆನಾ ಇದ್ದ ಮನೆಗಳ ದೋಣಿಗಳೆಲ್ಲ ಮರಳಿನ ಮೇಲೇ ಇದ್ದವು. ನಮ್ಮದೊಂದೇ ಇರಲಿಲ್ಲ.